ಮಾತೃಭಕ್ತನ ದೋಣಿ

ಆ ಹೊಳೆಯ ಉದ್ದಕ್ಕೂ ಹಳೆ ದೋಣಿ ಮಾರುವವರು ಇಬ್ಬರೇ ಇದ್ದರು. ಒಬ್ಬನಿಗೆ ಜನ ಗೊಣಗಪ್ಪ ಎಂದು ಹೆಸರಿಟ್ಟಿದ್ದರು, ಇನ್ನೊಬ್ಬನಿಗೆ ಮಾತೃಭಕ್ತ ಎಂದು. ಹೆಸರು ಕೇಳಿದರೇ ಸಾಕು, ಯಾರ ಹತ್ತಿರ ಹೋಗಬೇಕು ಎಂದು ಎಂಥ ದಡ್ಡನಿಗೂ ತಿಳಿಯುತ್ತದಲ್ಲ! ಎಲ್ಲರಿಗೂ ಹಾಗೇ ತಿಳಿದಿತ್ತು. ಗ್ರಹಚಾರ ಶುರುವಾದದ್ದೇ ಅಲ್ಲಿ.

ದೋಣಿ ಬೇಕಾಗಿದ್ದದ್ದು ಅತ್ತಿಗೆಗೆ. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಮೈದುನನೊಬ್ಬನಿಗೇ. ಅವನು ಬೆಳಗಿನಿಂದ ಸಂಜೆಯವರೆಗೆ ಚುಕ್ಕಾಣಿ ಹಿಡಿದುಕೊಂಡು ‘ಅತ್ತಿಗೇ, ಅತ್ತಿಗೇ’ ಎಂದು ಕೂಗಿ ಕೂಗಿ, ದೋಣಿ ಹತ್ತುವ ಜನರೆಲ್ಲ ಅವಳನ್ನು ಹಾಗೇ ಕರೆಯತೊಡಗಿದ್ದರು. ಗಂಡ ತೀರಿಕೊಂಡ ಮೇಲೆ ಹಗ್ಗ, ಎಂಜಿನ್ನು, ಟಿಕೆಟ್ಟು ಎಲ್ಲ ಅವಳ ಕೈಗೆ ಬಂದಿತ್ತು. ಆಚೆ ದಡದಲ್ಲಿ ಆಸ್ಪತ್ರೆ, ನೂಲಿನ ಗಿರಣಿ. ಈಚೆ ದಡದಲ್ಲಿ ಮನೆಗಳು. ಸೇತುವೆ ಬರುತ್ತದೆ ಎಂದು ಅವಳು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಳು, ಅದು ಇನ್ನೂ ಬರುತ್ತಲೇ ಇತ್ತು. ಅಲ್ಲಿಯವರೆಗೆ ಜನ ದೋಣಿಯಲ್ಲೇ ದಾಟಬೇಕು.

ಹಳೆಯ ದೋಣಿಯ ಕಥೆ ಮುಗಿದಿತ್ತು. ಒಳಗೆ ಬರುವ ನೀರನ್ನು ಎತ್ತಿ ಹಾಕುತ್ತಾ ಹಾಕುತ್ತಾ ಅತ್ತಿಗೆಯ ರಟ್ಟೆ ಬಿದ್ದುಹೋಗಿತ್ತು. ಹತ್ತುವವರಿಗೂ ಕಾಲು ಮೇಲೆತ್ತಿಕೊಂಡು ಕೂರುವುದು ಅಭ್ಯಾಸವಾಗಿಬಿಟ್ಟಿತ್ತು. ಅವಳ ಗಂಡ ಬದುಕಿರುವವರೆಗೆ ಆ ದೋಣಿಯಿಂದ ಒಬ್ಬ ಮನುಷ್ಯನೂ ನೀರುಪಾಲಾಗಿರಲಿಲ್ಲ. ಆ ಮಾತನ್ನು ಅವನು ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದ. ಈಗ ಅದನ್ನು ಉಳಿಸಿಕೊಂಡು ಹೋಗುವ ಭಾರ ಇವಳ ತಲೆಯ ಮೇಲೆ ಬಿದ್ದಿತ್ತು. ನನ್ನ ಕೈಯಿಂದ ಟಿಕೆಟ್ ತೆಗೆದುಕೊಂಡವರು ಕಾಲು ಒಣಗಿರುವಾಗಲೇ ಇಳಿಯಬೇಕು. ಅಷ್ಟೇ ಅವಳ ಆಸೆ, ಅಷ್ಟೇ ಅವಳ ಭಯ.

ಮೊದಲು ಹೋದದ್ದು ಗೊಣಗಪ್ಪನ ಹತ್ತಿರ. ಅವನ ಅಂಗಳ ಎಂದರೆ ಬರೀ ಕೆಸರು. ದೋಣಿಗಳನ್ನೆಲ್ಲ ದಿಮ್ಮಿಗಳ ಮೇಲೆ ಬೋರಲು ಹಾಕಿದ್ದ. ಕೂರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಬಂದವರ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು, "ತಳಕ್ಕೆ ಹೋಗಿ ಚುಚ್ಚಿ" ಎಂದ.

ಅತ್ತಿಗೆ ಬಗ್ಗಿ ಒಂದು ದೋಣಿಯ ಹಲಗೆಗೆ ಚುಚ್ಚಿದಳು. ಮೊನೆ ಸಲೀಸಾಗಿ ಒಳಗೆ ಹೋಯಿತು.

"ಹೋಯ್ತಾ ಒಳಗೆ? ಮತ್ತೆ! ಅದು ಸೌದೆ. ಅದರ ಪಕ್ಕದ್ದೂ ಸೌದೇನೇ. ಆ ಮೂಲೇಲಿ ಇರೋದು ಒಂದು ಪರವಾಗಿಲ್ಲ. ಆದ್ರೆ ಹಿಂದುಗಡೆ ಹಲಗೆ ಬದಲಾಯಿಸ್ಬೇಕು, ಮಳೆಗಾಲ ಮುಗಿದ ಮೇಲೆ ಬನ್ನಿ."

"ಅಲ್ಲಿವರೆಗೂ ನಾವೇನು ಈಜಾಡ್ಕೊಂಡಿರೋದಾ?" ಎಂದ ಮೈದುನ. ಅವನಿಗೆ ಯಾವುದಕ್ಕೂ ತಾಳ್ಮೆ ಇಲ್ಲ. ಅನ್ನ ಬೇಯುವ ಮೊದಲೇ ತಟ್ಟೆ ಹಾಕಿಕೊಂಡು ಕೂರುವ ಜಾತಿ. "ಹೋಗಲಿ, ಅದನ್ನೇ ನೀರಿಗಿಳಿಸಿ ನಿಮ್ಮನೆಯವರನ್ನ ಕೂರಿಸ್ಕೊಂಡು ಒಂದು ಸುತ್ತು ಹೊಡೆಸಿ ತೋರಿಸ್ತೀರಾ?"

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹೊಳೆಯ ಮೇಲೆ ಎಲ್ಲರೂ ನಡೆಸಿಕೊಂಡು ಬಂದದ್ದು ಹಾಗೆಯೇ: ಮಾರುವವನು ತನ್ನವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರಬೇಕು. ಆಮೇಲೇ ಮಾತು, ಆಮೇಲೇ ವ್ಯಾಪಾರ.

ಗೊಣಗಪ್ಪ ಮೈದುನನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಮ್ಮನೆಯವರು ಯಾಕಪ್ಪಾ ಕೂರ್ಬೇಕು? ನನ್ನ ಹೆಂಡ್ತಿಗೆ ಮರ ಗೊತ್ತಾ, ಮೊಳೆ ಗೊತ್ತಾ? ನೋಡೋದಾದ್ರೆ ತಳ ನೋಡು, ನಮ್ಮ ಮುಖ ಯಾಕೆ ನೋಡ್ತೀಯಾ?"

"ನೋಡಿದ್ರಾ ಅತ್ತಿಗೆ? ಮನೆಯವರನ್ನ ಕೂರಿಸೋಕೆ ಧೈರ್ಯ ಇಲ್ಲ ಇವನಿಗೆ!" ಎಂದು ಮೈದುನ ಅಲ್ಲೇ ತಿರುಗಿ ನಡೆದ. ಅತ್ತಿಗೆ ಸ್ಕ್ರೂಡ್ರೈವರನ್ನು ವಾಪಸು ಕೊಟ್ಟಳು. ಗೊಣಗಪ್ಪ ಅದನ್ನು ಪಂಚೆಗೆ ಒರೆಸುತ್ತಾ ತನ್ನಷ್ಟಕ್ಕೆ ಏನೋ ಗೊಣಗಿದ. ಅವನ ಬಾಯಿ ಇನ್ನೊಂದಿಷ್ಟು ಮೆತ್ತಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ನೋಡಿ.

ಹೊಳೆಯ ಕೆಳಗಡೆ, ಮರಳಿನ ದಿಬ್ಬದ ಎದುರಿಗಿದ್ದ ಮಾತೃಭಕ್ತನ ಅಂಗಳಕ್ಕೆ ಕಾಲಿಟ್ಟರೆ ಬೇರೆಯೇ ಲೋಕ. ಗುಡಿಸಿ ನೀರು ಚಿಮುಕಿಸಿದ ನೆಲ, ಸಾಲಾಗಿ ಹಾಕಿದ ಕುರ್ಚಿ, ಬಂದವರಿಗೆಲ್ಲ ಬಿಸಿ ಬಿಸಿ ಟೀ. ನೆರಳಿನಲ್ಲಿ ದಿಂಬು ಹಾಕಿದ ಕುರ್ಚಿಯ ಮೇಲೆ ಅವನ ತಾಯಿ. ಹಣ್ಣು ಹಣ್ಣು ಮುದುಕಿ, ಹೆಗಲ ತುಂಬ ಶಾಲು. ಅವನು ಮಾತಾಡುತ್ತಾ ಮಾತಾಡುತ್ತಾ ತಾಯಿಯ ಕನ್ನಡಕ ತೆಗೆದು ತನ್ನ ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿದ. ಮೈದುನನ ಕಣ್ಣಲ್ಲಿ ಆಗಲೇ ನೀರು.

"ನಾನು ಜಾಸ್ತಿ ಮಾತಾಡೋನಲ್ಲಕ್ಕಾ" ಎಂದ ಮಾತೃಭಕ್ತ, ಜಾಸ್ತಿಯೇ ಮಾತಾಡುತ್ತಾ. "ಎಲ್ಲರೂ ಹೆಂಡ್ತೀನೋ ಬಾಮೈದನನ್ನೋ ಕೂರಿಸ್ತಾರೆ. ನಾನು ಹೆತ್ತ ತಾಯೀನೇ ಕೂರಿಸ್ತೀನಿ. ಅದಕ್ಕಿಂತ ಹೆಚ್ಚಿಗೆ ನಾನೇನು ಹೇಳ್ಲಿ?"

ದೋಣಿ ನೀರಿನಲ್ಲೇ ನಿಂತಿತ್ತು. ಬಿಳಿ ಬಣ್ಣ, ಅಂಚಿಗೆ ನೀಲಿ ಪಟ್ಟಿ, ಮದುಮಗನ ಹಾಗೆ ಥಳಥಳ ಎನ್ನುತ್ತಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮಾತೃಭಕ್ತ ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೋಗಿ, ದೋಣಿಯ ಹಿಂಭಾಗದಲ್ಲಿ ನೆಲದ ಹಲಗೆಯ ಮೇಲೆ ಚಾಪೆ ಹಾಸಿ ಕೂರಿಸಿದ. "ಬೆಂಚಿನ ಮೇಲೆ ಆಗಲ್ಲ, ಮಂಡಿನೋವು" ಎಂದ. ಮುದುಕಿಯ ಮಡಿಲಲ್ಲಿ ಒಂದು ಬಟ್ಟೆಚೀಲ, ಚೀಲದೊಳಗೆ ದೊಡ್ಡದೊಂದು ಪ್ಲಾಸ್ಟಿಕ್ ಕ್ಯಾನು. ಅತ್ತಿಗೆ ಅದನ್ನು ನೋಡುತ್ತಿರುವುದು ಕಂಡು, "ಅಮ್ಮನ ಕುಡಿಯೋ ನೀರು. ಹೊರಗಿನ ನೀರು ಆಗಿಬರಲ್ಲ" ಎಂದ.

ಅವಳ ಗಂಡನದು ಒಂದು ಪದ್ಧತಿ ಇತ್ತು. ಯಾರ ದೋಣಿಯೇ ಆಗಲಿ, ನೆಲದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಕೈ ಹಾಕಿ ನೋಡದೆ ಅವನು ಮಾತೇ ಆಡುತ್ತಿರಲಿಲ್ಲ. ಅತ್ತಿಗೆಯೂ ಹಾಗೇ ಶುರು ಮಾಡಿದಳು. ಮುಂದಿನ ಹಲಗೆ ಎತ್ತಿದಳು: ಒಣಗಿತ್ತು. ನಡುವಿನದು ಎತ್ತಿದಳು: ಅದೂ ಗಟ್ಟಿ. ಹಿಂದಕ್ಕೆ ಬಂದಳು. ಅಲ್ಲಿ ಮುದುಕಿ ಕೂತಿದ್ದಳು, ಶಾಲು ಹರಡಿಕೊಂಡು, ಅವಳನ್ನೇ ನೋಡುತ್ತಾ.

'ಸ್ವಲ್ಪ ಏಳ್ತೀರಾ ಅಮ್ಮಾ' ಎನ್ನಬೇಕು. ಅಷ್ಟೇ ಮಾತು. ಬಾಯಿಯ ತನಕ ಬಂತು. ಆದರೆ ಎತ್ತಿಕೊಂಡು ಬಂದು ಕೂರಿಸಿದ, ಕಾಲು ಬಾರದ, ತಾಯಿಯ ವಯಸ್ಸಿನವರನ್ನು ಏಳಿ ಅನ್ನುವುದು ಹೇಗೆ? ಅದೂ ಮಗ ಎದುರಿಗೇ ನಿಂತಿರುವಾಗ? ನಿನ್ನ ತಾಯಿ ಕೂತರೂ ನನಗೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗಲ್ಲವೇ? ಮೈದುನ ಆಗಲೇ ಹಿಂದಿನಿಂದ, "ಸಾಕು ಬನ್ನಿ ಅತ್ತಿಗೆ, ಮರ್ಯಾದೆ ಅಲ್ಲ" ಎಂದು ಪಿಸುಗುಟ್ಟುತ್ತಿದ್ದ. ಅವಳು ಕೈ ಕೊಡವಿಕೊಂಡು ಮುದುಕಿಯ ಪಕ್ಕದ ಬೆಂಚಿನ ಮೇಲೆ ಕೂತಳು.

ಎಂಜಿನ್ ಸದ್ದು ಮಾಡಿತು. ಮಾತೃಭಕ್ತ ದೋಣಿಯನ್ನು ದಡದ ಅಂಚಿನಲ್ಲೇ ಓಡಿಸಿದ, ನಡುಹೊಳೆಗೆ ಹೋಗಲಿಲ್ಲ. ಮುದುಕಿ ಮೆಲ್ಲಗೆ ಕೈಚಾಚಿ ಅತ್ತಿಗೆಯ ಕೈ ಹಿಡಿದುಕೊಂಡಳು. ಎಂಥ ಹಿಡಿತ! ಆ ಸೊರಗಿದ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಅತ್ತಿಗೆಗೆ ತನ್ನ ಸತ್ತ ಅಮ್ಮನ ನೆನಪಾಯಿತು.

"ಈಜು ಬರುತ್ತಾ ಮಗಳೇ?" ಎಂದಳು ಮುದುಕಿ.

ಇಡೀ ಸುತ್ತಿನಲ್ಲಿ ಅವಳಾಡಿದ್ದು ಅದೊಂದೇ ಮಾತು. ಅತ್ತಿಗೆ ಉತ್ತರ ಕೊಡುವ ಮೊದಲೇ ಮಗ ಹಿಂದಿನಿಂದ ನಕ್ಕ. "ಅಮ್ಮ ಎಲ್ಲರನ್ನೂ ಅದೇ ಕೇಳೋದು. ವಯಸ್ಸಾಯ್ತಲ್ಲ!" ಮೈದುನನೂ ನಕ್ಕ. ಅತ್ತಿಗೆಯೂ ನಕ್ಕಳು. ಮುದುಕಿ ನಗಲಿಲ್ಲ, ಕೈಯನ್ನೂ ಬಿಡಲಿಲ್ಲ.

ಇಳಿಯುವಾಗ ಅತ್ತಿಗೆಯೇ ಚೀಲ ಎತ್ತಿಕೊಡಲು ಹೋದಳು. ಎತ್ತಿದರೆ, ಭಾರವೇ ಇಲ್ಲ! ಕ್ಯಾನು ಖಾಲಿ. ಅದರ ಹಿಡಿಕೆಗೆ ಕಟ್ಟಿದ ಹಗ್ಗ ಶಾಲಿನ ಕೆಳಗೆ ಹೋಗಿ ಮುದುಕಿಯ ಸೊಂಟಕ್ಕೆ ಸುತ್ತಿಕೊಂಡಿತ್ತು. ಮುದುಕಿಯ ಸೀರೆಯ ಹಿಂಭಾಗ ಒದ್ದೆಯಾಗಿತ್ತು.

"ಅಯ್ಯೋ, ಕ್ಯಾನಿನ ನೀರೆಲ್ಲ ಚೆಲ್ಲಿಕೊಂಡ್ರಾ ಅಮ್ಮಾ?" ಎಂದು ಮಾತೃಭಕ್ತ ತಾಯಿಯನ್ನು ಎತ್ತಿಕೊಂಡ. "ಎಲ್ಲಾದ್ರೂ ಮರೆತುಬಿಡ್ತೀನಿ ಅಂತ ಸೊಂಟಕ್ಕೇ ಕಟ್ಕೊಳ್ತಾರೆ. ಚಿಕ್ಕ ಮಕ್ಕಳ ಹಾಗೆ."

ಕ್ಯಾನಿನ ಮುಚ್ಚಳ ಬಿಗಿಯಾಗಿತ್ತು. ಅತ್ತಿಗೆಯ ಕಣ್ಣು ಅದನ್ನು ನೋಡಿತು. ಮನಸ್ಸು ಮಾತ್ರ ಆ ಹೊತ್ತಿನಲ್ಲಿ ನೋಡಲಿಲ್ಲ. ಮೈದುನ ಮಾತೃಭಕ್ತನ ಕೈ ಹಿಡಿದು ಆಗಲೇ ವ್ಯಾಪಾರ ಕುದುರಿಸಿಬಿಟ್ಟಿದ್ದ.

ಹೊಳೆಯಲ್ಲೇ ಬರಬಹುದಾಗಿದ್ದ ದೋಣಿ ಲಾರಿಯ ಮೇಲೆ ಬಂತು. ಬರುವಾಗ ಒಂದು ಉಡುಗೊರೆಯೂ ಬಂತು: ಹಿಂಭಾಗದ ಹಲಗೆಯ ಮೇಲೆಲ್ಲ ಹೊಸ ರಬ್ಬರ್ ಹಾಸು, ಅಂಟು ಹಾಕಿ, ಸುತ್ತ ಮೊಳೆ ಹೊಡೆದು. ಜನ ಜಾರಬಾರದು ಎಂದು ಮಾತೃಭಕ್ತನೇ ಹಾಕಿಸಿ ಕಳಿಸಿದ್ದನಂತೆ. ಅತ್ತಿಗೆ ಹಾಸಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದಳು, ಏಳಲಿಲ್ಲ.

"ಇದನ್ನ ಕಿತ್ತು ಒಂದ್ಸಲ ನೋಡ್ಬಿಡೋಣ ಕಣೋ."

"ಹೊಸದನ್ನ ಕೀಳ್ತೀರಾ? ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ ಅತ್ತಿಗೆ? ಅವರ ತಾಯಿ ಕೂತು ಬಂದ ದೋಣಿ ಅದು!"

ಅತ್ತಿಗೆ ಹಾಸಿನ ಮೇಲಿಂದ ಕೈ ತೆಗೆದಳು.

ಮರುದಿನ ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದರು. ಮೆಟ್ಟಿಲ ಮೇಲೆ ಗಿರಣಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಹಾಲಿನವನು, ನರ್ಸಮ್ಮ, ಎಲ್ಲರೂ ನಿಂತಿದ್ದರು. ಹೊಸ ದೋಣಿಗೆ ಮೊದಲು ಕಾಲಿಡಲು ಎಲ್ಲರಿಗೂ ಅನುಮಾನ. ನೀನು ಹತ್ತು, ನೀನು ಹತ್ತು ಎಂದು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಮೈದುನ ನೋಡುವಷ್ಟು ನೋಡಿದ. ಆಮೇಲೆ ದಡದಡ ಮೆಟ್ಟಿಲು ಹತ್ತಿ ಮನೆಗೆ ಹೋಗಿ ತನ್ನ ತಾಯಿಯನ್ನು, ಅಂದರೆ ಅತ್ತಿಗೆಯ ಅತ್ತೆಯನ್ನು, ಶಾಲು ಹೊದಿಸಿ ಕೈಹಿಡಿದು ಕರೆದುಕೊಂಡು ಬಂದ. ದೋಣಿಯ ಹಿಂಭಾಗದಲ್ಲಿ, ರಬ್ಬರ್ ಹಾಸಿನ ನಟ್ಟನಡುವೆ ಕೂರಿಸಿದ.

"ನೋಡ್ರಪ್ಪಾ! ನಮ್ಮಮ್ಮನೇ ಕೂತಿದ್ದಾಳೆ. ಇನ್ನೇನು ಬೇಕು ನಿಮಗೆ?"

ಇನ್ನೇನೂ ಬೇಕಿರಲಿಲ್ಲ. ಜನ ನುಗ್ಗಿದರು. ದೋಣಿ ತುಂಬಿತು. ನೀಲಿ ಪಟ್ಟಿ ನೀರಿನ ಹತ್ತಿರಕ್ಕೆ ಇಳಿಯಿತು. ಅತ್ತಿಗೆ ಹಗ್ಗ ಬಿಚ್ಚಿ ಕೊನೆಯಲ್ಲಿ ಹತ್ತಿದಳು. ಅತ್ತೆಯ ಮುಖದಲ್ಲಿ ಮಹಾರಾಣಿಯ ಕಳೆ. ಮಗ ಇಷ್ಟು ಜನರ ಮುಂದೆ ಎತ್ತಿ ಮೆರೆಸಿದ್ದು ಅದೇ ಮೊದಲು.

ನಡುಹೊಳೆಯ ಹತ್ತಿರ ಮೀನಿನವರು ಬಲೆ ಬಿಟ್ಟಿದ್ದರು. ಬಲೆಯ ಉದ್ದಕ್ಕೂ ಖಾಲಿ ಪ್ಲಾಸ್ಟಿಕ್ ಕ್ಯಾನುಗಳು ನೀರಿನ ಮೇಲೆ ಕುಣಿಯುತ್ತಿದ್ದವು. ದಿನಾ ನೋಡುವುದೇ. ಅತ್ತಿಗೆ ಟಿಕೆಟ್ ಹರಿಯುತ್ತಾ ಅತ್ತ ಕಣ್ಣು ಹಾಯಿಸಿದಳು. ಖಾಲಿ ಕ್ಯಾನು. ಬಿಗಿದ ಮುಚ್ಚಳ. ಹಿಡಿಕೆಗೆ ಹಗ್ಗ.

ಅವಳ ಕೈ ನಿಂತಿತು.

ಮುದುಕಿಯ ಸೊಂಟಕ್ಕಿದ್ದದ್ದು ಅದೇ. ಮುಚ್ಚಳ ಬಿಗಿಯಾಗಿದ್ದರೆ ನೀರು ಚೆಲ್ಲುವುದು ಎಲ್ಲಿಂದ? ಕುಡಿಯುವ ನೀರೂ ಅಲ್ಲ, ಮರೆವೂ ಅಲ್ಲ. ಮಗನ ದೋಣಿಯಲ್ಲಿ ಕೂರುವಾಗ ಹೆತ್ತ ತಾಯಿ ತೇಲುವುದಕ್ಕೆ ಏನಾದರೂ ಇರಲಿ ಎಂದು ಕಟ್ಟಿಕೊಂಡು ಬರುತ್ತಿದ್ದಳು! ಅತ್ತಿಗೆ ತಿರುಗಿ ನೋಡಿದಳು. ಅತ್ತೆ ನಗುತ್ತಾ ನರ್ಸಮ್ಮನಿಗೆ ಮಂಡಿನೋವಿನ ಕಥೆ ಹೇಳುತ್ತಿದ್ದರು. ಅವರ ಸೀರೆಯ ಅಂಚು ಕಪ್ಪಾಗಿ ಒದ್ದೆಯಾಗಿತ್ತು.

"ಅತ್ತೇ, ಏಳಿ."

"ಯಾಕೇ?"

"ಏಳಿ ಅಂದೆ."

ಅತ್ತೆಯ ಮುಖ ಕೆಂಪಾಯಿತು. "ಇಷ್ಟು ಜನರ ಮುಂದೆ ನನ್ನನ್ನ ಏಳಿ ಅಂತೀಯಾ? ನನ್ನ ಭಾರಕ್ಕೆ ದೋಣಿ ಮುಳುಗಿಹೋಗುತ್ತೇನೇ?"

"ಅತ್ತಿಗೇ! ಏನಾಯ್ತು ನಿಮಗೆ? ಅಮ್ಮನ್ನ ಏಳಿಸ್ತೀರಾ?" ಚುಕ್ಕಾಣಿಯ ಹತ್ತಿರದಿಂದ ಮೈದುನ ಕಿರುಚಿದ.

ಅವಳು ಅತ್ತೆಯ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಾಲಿನವನ ಪಕ್ಕಕ್ಕೆ ನೂಕಿಬಿಟ್ಟಳು. ಮದುವೆಯಾದಾಗಿನಿಂದ ಅತ್ತೆಗೆ ಎದುರು ಮಾತಾಡದವಳು! ಹಗ್ಗ ಕೊಯ್ಯುವ ಚಾಕು ತೆಗೆದು ರಬ್ಬರ್ ಹಾಸನ್ನು ಉದ್ದಕ್ಕೆ ಸೀಳಿದಳು. ಹಲಗೆಯ ಸಂದಿಗೆ ಚಾಕು ತೂರಿಸಿ ಮೀಟಿದಳು. ಹಲಗೆ ಎದ್ದಿತು.

ಕೆಳಗೆ ನೀರು, ಹಲಗೆಗೆ ತಾಗುವಷ್ಟು ನೀರು. ಅದರಲ್ಲಿ ಬಿರುಕು ಮುಚ್ಚಲು ಮೆತ್ತಿದ್ದ ಬಿಳಿ ಪುಟ್ಟಿಯ ಚಕ್ಕೆಗಳು ತೇಲುತ್ತಿದ್ದವು. ಅವಳು ತೋಳು ಮುಳುಗಿಸಿ ತಳವನ್ನು ಮುಟ್ಟಿದಳು. ಬೆರಳು ಮರದೊಳಗೆ ಇಳಿಯಿತು, ನೆನೆದ ಬ್ರೆಡ್ಡಿನೊಳಗೆ ಇಳಿದ ಹಾಗೆ. ಒಂದು ಕಡೆ ಮರವೇ ಇರಲಿಲ್ಲ. ಅಲ್ಲಿ ಹೊಳೆ ಅವಳ ಅಂಗೈಯನ್ನು ತಳ್ಳುತ್ತಿತ್ತು.

ಯಾರೋ ಕಿರುಚಿದರು. ಜನ ಎದ್ದರು, ದೋಣಿ ವಾಲಿತು.

"ಯಾರೂ ಏಳ್ಬೇಡಿ! ಕೂತಲ್ಲೇ ಕೂತಿರಿ!" ಅವಳ ದನಿಗೆ ಎಲ್ಲರೂ ಧಡಕ್ಕನೆ ಕೂತರು. "ನರ್ಸಮ್ಮಾ, ಬೆಂಚಿನ ಕೆಳಗೆ ಲೈಫ್ ಜಾಕೆಟ್ ಇವೆ, ಹಂಚಿ. ಹಾಲಣ್ಣಾ, ಹಾಲು ಚೆಲ್ಲಿ ಕ್ಯಾನಿನಲ್ಲಿ ನೀರೆತ್ತಿ. ಅತ್ತೇ, ನಿಮ್ಮ ಶಾಲು ಕೊಡಿ." ಶಾಲನ್ನು ಉಂಡೆ ಮಾಡಿ ತೂತಿಗೆ ತುರುಕಿ, ಅದರ ಮೇಲೆ ತಾನೇ ಮಂಡಿಯೂರಿ ಕೂತಳು. "ಏಯ್, ಎಲ್ಲಿ ನೋಡ್ತಿದ್ದೀಯಾ? ತಿರುಗಿಸು! ಹೊಳೆ ಕೆಳಗಡೆ ಮರಳಿನ ದಿಬ್ಬ ಇದೆಯಲ್ಲ, ಅಲ್ಲಿಗೆ ನುಗ್ಗಿಸು!"

ಮೈದುನ ಚುಕ್ಕಾಣಿ ತಿರುಗಿಸಿದ. ಹಾಲಿನವನು ನೀರೆತ್ತುತ್ತಿದ್ದ, ಗಿರಣಿಯವರು ಊಟದ ಡಬ್ಬಿಗಳಲ್ಲಿ ಎತ್ತುತ್ತಿದ್ದರು. ಎತ್ತಿದಷ್ಟೂ ಬರುತ್ತಿತ್ತು. ನೀರು ಅತ್ತಿಗೆಯ ತೊಡೆಗೆ ಬಂತು, ಸೊಂಟಕ್ಕೆ ಬಂತು. ಎಂಜಿನ್ ಕೆಮ್ಮಿ ನಿಂತುಹೋಯಿತು. ಬಂದ ವೇಗದಲ್ಲೇ ದೋಣಿ ಇನ್ನೊಂದಿಷ್ಟು ಜಾರಿ, ಮರಳಿಗೆ ಉಜ್ಜಿಕೊಂಡು, ಒಂದು ಪಕ್ಕಕ್ಕೆ ಮಲಗಿತು. ಜನ ಎದೆಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ದಿಬ್ಬ ಹತ್ತಿದರು. ಅತ್ತಿಗೆ ಒಬ್ಬೊಬ್ಬರ ತಲೆ ಮುಟ್ಟಿ ಮುಟ್ಟಿ ನೋಡಿದಳು. ಯಾರೂ ಕಡಿಮೆಯಾಗಿರಲಿಲ್ಲ.

ಅತ್ತೆ ಮರಳಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಸೊಸೆಯ ಕೈ ಎಳೆದುಕೊಂಡು, ಅದನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಮೈದುನ ತಲೆಯ ಮೇಲೆ ಕೈ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದ.

"ಅವನ ತಾಯಿ ಕೂತಿದ್ರಲ್ಲ ಅತ್ತಿಗೆ... ನಾವೇ ಕಣ್ಣಾರೆ ನೋಡಿದ್ವಲ್ಲ..."

"ಕೂತಿದ್ರು ಕಣೋ. ಅವರಿಗೂ ಗೊತ್ತಿತ್ತು."

ಆಗ ಎಂಜಿನ್ನಿನ ಸದ್ದು ಕೇಳಿಸಿತು. ಆ ದಿಬ್ಬ ಮಾತೃಭಕ್ತನ ಅಂಗಳದ ಎದುರಿಗೇ ಇತ್ತು. ದಡದ ಅಂಚಿನಲ್ಲಿ ಇನ್ನೊಂದು ದೋಣಿ ಮೆಲ್ಲಗೆ ಹೋಗುತ್ತಿತ್ತು. ಇದಕ್ಕೆ ಹಸಿರು ಪಟ್ಟಿ. ಬೆಂಚಿನ ಮೇಲೆ ಗಂಡ, ಹೆಂಡತಿ, ಅವರ ಮಡಿಲಲ್ಲಿ ಒಂದು ಕೂಸು. ಚುಕ್ಕಾಣಿಯ ಹತ್ತಿರ ಮಾತೃಭಕ್ತ. ಹಿಂಭಾಗದ ಹಲಗೆಯ ಮೇಲೆ ಚಾಪೆ, ಚಾಪೆಯ ಮೇಲೆ ಶಾಲು ಹರಡಿಕೊಂಡ ಮುದುಕಿ.

ಅತ್ತಿಗೆ ನೀರಿಗೆ ಧುಮುಕಿ ಎದೆಮಟ್ಟದವರೆಗೆ ನಡೆದಳು. ಗಂಟಲು ಹರಿಯುವ ಹಾಗೆ ಕೂಗಿದಳು:

"ಅಮ್ಮಾ! ಏಳೀ! ಎದ್ದು ಬಿಡಿ ಅಮ್ಮಾ!"

ಮುದುಕಿಗೆ ಕೇಳಿಸಿತು. ಕೇಳಿಸದೆ ಇರಲು ಅದೇನು ದೂರವಲ್ಲ. ತಲೆ ತಿರುಗಿಸಿ ನೋಡಿದಳು. ದಿಬ್ಬದ ಮೇಲೆ ಒದ್ದೆಯಾಗಿ ನಿಂತ ಜನ, ಮಗ್ಗುಲಾಗಿ ಬಿದ್ದ ಬಿಳಿ ದೋಣಿ, ನೀರಿನಲ್ಲಿ ನಿಂತ ಹೆಂಗಸು, ಎಲ್ಲವನ್ನೂ ನೋಡಿದಳು. ಮುದುಕಿಯ ಒಂದು ಕೈ ಹಲಗೆಗೆ ಊರಿಕೊಂಡಿತು. ಮೈ ಒಂದಿಷ್ಟು ಮೇಲೆದ್ದಿತು.

ಮಾತೃಭಕ್ತ ಬಗ್ಗಿ ತಾಯಿಯ ಹೆಗಲ ಮೇಲೆ ಕೈ ಇಟ್ಟ. ಜಾರಿದ ಶಾಲನ್ನು ಸರಿಮಾಡಿ, ಕೈಯನ್ನು ಅಲ್ಲೇ ಇಟ್ಟುಕೊಂಡ. ಬೆಂಚಿನ ಮೇಲಿನ ಗಂಡ ಹೆಂಡತಿ ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಗುಳ್ನಕ್ಕರು. ಕೂಗುತ್ತಿದ್ದ ಅತ್ತಿಗೆಯನ್ನು ಕಂಡು, ಯಾರೋ ಗುರುತಿನವರಿರಬೇಕು ಎಂದುಕೊಂಡರೋ ಏನೋ, ಹೆಂಡತಿ ಕೂಸಿನ ಕೈ ಎತ್ತಿ ಟಾಟಾ ಮಾಡಿಸಿದಳು.

ಮುದುಕಿ ಮತ್ತೆ ಕೂತಳು. ಪಕ್ಕದಲ್ಲಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡು ಎರಡೂ ತೋಳಲ್ಲಿ ಅವುಚಿಕೊಂಡಳು. ಆಮೇಲೆ ಆ ಎಳೆಯ ತಾಯಿಯ ಕಡೆಗೆ ತಿರುಗಿ ಏನೋ ಕೇಳಿದಳು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ದೋಣಿಯಲ್ಲಿದ್ದವರೆಲ್ಲ ನಕ್ಕದ್ದು ಮಾತ್ರ ಅತ್ತಿಗೆಗೆ ಕಾಣಿಸಿತು.